ವಿಶ್ವಕ್ಕೆ ಆದಿ ಉಂಟೆ?

ಈ ಜಗತ್ತು ಎಂದು ಹುಟ್ಟಿತು? ಅದಕ್ಕೂ ಮೊದಲು ಏನಿತ್ತು? ಇದಕ್ಕೆ ಅಂಚು ಎಂಬುದುಂಟೆ? ಉಂಟಾದರೆ ಅಂಚಿನ ಆಚೆಗೆ ಏನಿದೆ? ಇದರ ನಡು ಎಲ್ಲಿ? ಇವು ಪಂಡಿತರು ಮಾತ್ರ ಕೇಳುವ ಪ್ರಶ್ನೆಗಳಲ್ಲ. ಬೇಸಗೆಯ ಇರುಳಿನಲ್ಲಿ ಅಂಗಳದಲ್ಲಿ ಮಲಗಿ ಆಕಾಶವನ್ನು ನೋಡಿದ ಪ್ರತಿಯೊಂದು ಮಗುವೂ ಇವುಗಳಲ್ಲಿ ಒಂದನ್ನಾದರೂ ಅಜ್ಜಿಯನ್ನು ಕೇಳಿರುತ್ತದೆ. ಅಜ್ಜಿ ಒಂದು ಕಥೆ ಹೇಳಿ ಮಗುವನ್ನು ನಿದ್ದೆಗೆ ಕಳುಹಿಸಿರುತ್ತಾಳೆ. ಮನುಷ್ಯಕುಲವೂ ಬಹುಕಾಲ ಹೀಗೆಯೇ ಕಥೆ ಕೇಳಿ ನಿದ್ದೆ ಹೋಗಿದೆ. ಆದರೆ ನಡುನಡುವೆ ಒಬ್ಬಿಬ್ಬರು ನಿದ್ದೆಗೆಟ್ಟು ಎದ್ದು ಕುಳಿತರು. ಅವರ ಚರಿತ್ರೆಯನ್ನು ಸಂಗ್ರಹವಾಗಿ ಹೇಳುವುದು ಈ ಭಾಷಣದ ಉದ್ದೇಶ.

ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು. ಖಗೋಲಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೂ ಈ ವಿಷಯಕ್ಕೆ ನಾನು ಬಂದದ್ದು ಕನ್ನಡದ ದಾರಿಯಿಂದಲೇ. ಪಂಪನ ಆದಿಪುರಾಣವನ್ನು ಪಾಠ ಹೇಳುವಾಗ ಜೈನರ ಲೋಕಸ್ವರೂಪವನ್ನು ವಿವರಿಸದೆ ಮುಂದೆ ಹೋಗುವಂತಿಲ್ಲ. ಜೈನಮತದ ಪ್ರಕಾರ ಲೋಕವನ್ನು ಯಾರೂ ಸೃಷ್ಟಿಸಿಲ್ಲ. ಅದು ಅನಾದಿ, ಅನಂತ. ಪಂಪನು 941ರ ಸುಮಾರಿನಲ್ಲಿ ತನ್ನ ಕಾವ್ಯವನ್ನು ರಚಿಸುವಾಗ ಆಧಾರವಾಗಿ ಇರಿಸಿಕೊಂಡದ್ದು ಜಿನಸೇನಾಚಾರ್ಯರ ಸಂಸ್ಕೃತ ಪುರಾಣವನ್ನು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬಾಳಿದ ಈ ಆಚಾರ್ಯರು ಸೃಷ್ಟಿಕರ್ತನನ್ನು ಒಪ್ಪುವವರ ಮುಂದೆ ಕೆಲವು ಹರಿತವಾದ ಪ್ರಶ್ನೆಗಳನ್ನು ಇಟ್ಟರು. ಲೋಕವನ್ನು ಒಬ್ಬನು ಸೃಷ್ಟಿಸಿದನೆಂದಾದರೆ ಸೃಷ್ಟಿಗೆ ಮುಂಚೆ ಅವನು ಎಲ್ಲಿ ನಿಂತಿದ್ದನು? ಯಾವ ಸಾಮಗ್ರಿಯಿಂದ ಸೃಷ್ಟಿಸಿದನು? ಆ ಸಾಮಗ್ರಿಯನ್ನು ಮೊದಲು ಮಾಡಿದನೆಂದರೆ ಅದಕ್ಕೆ ಸಾಮಗ್ರಿ ಯಾವುದು? ಅವನೇ ಯಾರ ಸೃಷ್ಟಿಯೂ ಅಲ್ಲದೆ ಇರಬಲ್ಲನಾದರೆ ಲೋಕವೇ ಹಾಗೆ ಇರಬಾರದೇಕೆ? ಪಾಠ ಇಲ್ಲಿಗೆ ಬಂದಾಗ ವರ್ಷಕ್ಕೊಬ್ಬ ವಿದ್ಯಾರ್ಥಿಯಾದರೂ ಎದ್ದುನಿಂತು, “ಹಾಗಾದರೆ ಈಗಿನ ವಿಜ್ಞಾನ ಏನು ಹೇಳುತ್ತದೆ, ಸರ್?” ಎಂದು ಕೇಳುತ್ತಿದ್ದನು. ಆ ಪ್ರಶ್ನೆಯೇ ನನ್ನನ್ನು ಗ್ರಂಥಾಲಯದ ಬೇರೊಂದು ಕಪಾಟಿನ ಕಡೆಗೆ ಕಳುಹಿಸಿತು.

ಪ್ರಾಚೀನರು ಈ ಪ್ರಶ್ನೆಗಳನ್ನು ಲಘುವಾಗಿ ಕಂಡವರಲ್ಲ. ಋಗ್ವೇದದ ಹತ್ತನೆಯ ಮಂಡಲದ 129ನೆಯ ಸೂಕ್ತ, ನಾಸದೀಯ ಸೂಕ್ತವೆಂದು ಪ್ರಸಿದ್ಧವಾದದ್ದು, ಸೃಷ್ಟಿಯ ಮೊದಲನ್ನು ಕುರಿತು ಪ್ರಶ್ನೆಯ ಮೇಲೆ ಪ್ರಶ್ನೆಯನ್ನು ಹಾಕಿ, ಕೊನೆಗೆ ಮೇಲಿನ ಅಧ್ಯಕ್ಷನಿಗಾದರೂ ಇದು ತಿಳಿದಿದೆಯೋ ಇಲ್ಲವೋ ಎಂಬ ಸಂಶಯದಲ್ಲಿ ನಿಲ್ಲುತ್ತದೆ. ಅತ್ತ ಉತ್ತರ ಆಫ್ರಿಕದಲ್ಲಿ, ನಾಲ್ಕನೆಯ ಶತಮಾನ ಮುಗಿಯುವ ಹೊತ್ತಿಗೆ, ಕ್ರೈಸ್ತ ಸಂತ ಅಗಸ್ಟೀನನಿಗೂ ಜಿನಸೇನರಂಥದೇ ಪ್ರಶ್ನೆ ಎದುರಾಯಿತು: ಸೃಷ್ಟಿಗೆ ಮೊದಲು ದೇವರು ಏನು ಮಾಡುತ್ತಿದ್ದನು? ಕಾಲವೂ ಸೃಷ್ಟಿಯ ಜೊತೆಗೇ ಹುಟ್ಟಿತು. ಆದಕಾರಣ ‘ಮೊದಲು’ ಎಂಬ ಮಾತಿಗೆ ಅಲ್ಲಿ ಎಡೆಯೇ ಇಲ್ಲ ಎಂಬುದು ಅವನ ಸಮಾಧಾನ. ಒಬ್ಬರು ಆದಿಯೇ ಇಲ್ಲವೆಂದರು, ಒಬ್ಬರು ಆದಿಗೆ ಮೊದಲು ಕಾಲವಿಲ್ಲವೆಂದರು, ಮತ್ತೊಬ್ಬರು ಬಲ್ಲವರಾರು ಎಂದರು. ಇಪ್ಪತ್ತನೆಯ ಶತಮಾನದ ವಿಜ್ಞಾನಿಗಳ ನಡುವೆ ನಡೆದ ದೊಡ್ಡ ವಾದದ ಪಕ್ಷಗಳೂ ಇವೇ. ವ್ಯತ್ಯಾಸ ಒಂದೇ: ಈ ಸಲ ತೀರ್ಪು ಹೇಳಲು ಆಕಾಶವನ್ನೇ ಸಾಕ್ಷಿಯಾಗಿ ಕರೆಯುವ ಉಪಾಯ ಮನುಷ್ಯನ ಕೈಗೆ ಬಂದಿತ್ತು.

ಆ ಸಾಕ್ಷ್ಯದ ಮೊದಲ ತುಣುಕು ಎಲ್ಲರ ಕಣ್ಣೆದುರಿಗೇ ಇತ್ತು. ಇರುಳು ಕಪ್ಪಾಗಿದೆ ಎಂಬುದೇ ಆ ಸಾಕ್ಷ್ಯ. ಇದರಲ್ಲಿ ಆಶ್ಚರ್ಯವೇನು, ಸೂರ್ಯ ಮುಳುಗಿದ ಮೇಲೆ ಕತ್ತಲೆಯಾಗದೆ ಇನ್ನೇನಾದೀತು ಎಂದು ಕೇಳಬಹುದು. ಆದರೆ ವಿಶ್ವ ಅನಂತವಾಗಿದ್ದು, ಎಲ್ಲೆಲ್ಲಿಯೂ ನಕ್ಷತ್ರಗಳು ತುಂಬಿಕೊಂಡು, ಅವು ಎಂದೆಂದಿನಿಂದಲೂ ಉರಿಯುತ್ತಿದ್ದರೆ, ನಾವು ಯಾವ ದಿಕ್ಕಿಗೆ ದೃಷ್ಟಿ ಹಾಯಿಸಿದರೂ ಅದು ಎಲ್ಲಿಯೋ ಒಂದು ನಕ್ಷತ್ರಕ್ಕೆ ತಾಗಲೇಬೇಕು. ದಟ್ಟವಾದ ಕಾಡಿನ ನಡುವೆ ನಿಂತವನಿಗೆ ಎತ್ತ ನೋಡಿದರೂ ಮರದ ಕಾಂಡವೇ ಕಾಣುವಂತೆ, ನಮಗೆ ಎತ್ತ ನೋಡಿದರೂ ಬೆಳಕೇ ಕಾಣಬೇಕಾಗಿತ್ತು. ಇರುಳಿನ ಆಕಾಶವೆಲ್ಲ ಸೂರ್ಯಬಿಂಬದಂತೆ ಉರಿಯಬೇಕಾಗಿತ್ತು. ಕೆಪ್ಲರ್ 1610ರಲ್ಲಿಯೇ ಈ ಮಾತನ್ನು ಎತ್ತಿದ್ದನು. 1823ರಲ್ಲಿ ಜರ್ಮನಿಯ ಬ್ರೆಮೆನ್ ನಗರದ ವೈದ್ಯ ಓಲ್ಬರ್ಸ್ ಇದನ್ನು ಮತ್ತೆ ಚರ್ಚಿಸಿದ್ದರಿಂದ ಅದು ಅವನ ಹೆಸರಿನಲ್ಲಿ ಉಳಿಯಿತು. ಸರಿಯಾದ ಉತ್ತರದ ಸುಳಿವನ್ನು ಕೊಟ್ಟವನು ಒಬ್ಬ ಸಾಹಿತಿ ಎಂಬುದು ನಮ್ಮಂಥವರಿಗೆ ಸಂತೋಷದ ವಿಷಯ. ಅಮೆರಿಕದ ಕವಿ, ಕಥೆಗಾರ ಎಡ್ಗರ್ ಅಲನ್ ಪೋ 1848ರಲ್ಲಿ ಬರೆದ ‘ಯುರೇಕಾ’ ಎಂಬ ಗದ್ಯಕೃತಿಯಲ್ಲಿ, ಬಹುದೂರದ ನಕ್ಷತ್ರಗಳ ಬೆಳಕು ಇನ್ನೂ ನಮ್ಮನ್ನು ತಲುಪಿಲ್ಲದೆ ಇರಬಹುದೆಂದು ಸೂಚಿಸಿದನು. ಅಂದರೆ, ಬೆಳಕಿಗೆ ಪಯಣಿಸಲು ದೊರೆತ ಕಾಲ ಮಿತವಾದದ್ದು. ನಕ್ಷತ್ರಗಳಿಗೆ ಒಂದು ಆರಂಭವಿದೆ. ಕತ್ತಲೆಯೇ ಆದಿಯ ಸಾಕ್ಷಿ!

ಇಪ್ಪತ್ತನೆಯ ಶತಮಾನ ಮೊದಲಾದಾಗ ವಿದ್ವಾಂಸರಲ್ಲಿ ಬಹುಮಂದಿ ವಿಶ್ವ ಒಟ್ಟಾರೆಯಾಗಿ ಅಚಲವಾದದ್ದೆಂದೇ ನಂಬಿದ್ದರು. ಐನ್‌ಸ್ಟೈನರೂ ಇದಕ್ಕೆ ಹೊರತಾಗಿರಲಿಲ್ಲ. ಅವರು 1915ರಲ್ಲಿ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತವನ್ನು ಪೂರ್ಣಗೊಳಿಸಿ, 1917ರಲ್ಲಿ ಅದನ್ನು ಇಡೀ ವಿಶ್ವಕ್ಕೆ ಅನ್ವಯಿಸಿದರು. ಸಮೀಕರಣಗಳ ಪ್ರಕಾರ ವಿಶ್ವ ಒಂದೆಡೆ ನಿಲ್ಲಲೊಲ್ಲದು. ಕುಗ್ಗಬೇಕು, ಇಲ್ಲವೆ ಹಿಗ್ಗಬೇಕು. ಅದನ್ನು ನಿಲ್ಲಿಸುವುದಕ್ಕಾಗಿ ಅವರು ಹೊಸದೊಂದು ಪದವನ್ನು ಸಮೀಕರಣಕ್ಕೆ ಸೇರಿಸಿದರು. 1922ರಲ್ಲಿ ರಷ್ಯದ ಅಲೆಕ್ಸಾಂಡರ್ ಫ್ರೀಡ್‌ಮನ್, 1927ರಲ್ಲಿ ಬೆಲ್ಜಿಯಮ್ಮಿನ ಪಾದ್ರಿ ಜಾರ್ಜ್ ಲಮೈತ್ರ್, ಒಬ್ಬರನ್ನೊಬ್ಬರು ಅರಿಯದೆ, ವಿಶ್ವ ಹಿಗ್ಗುತ್ತಿರಬಹುದೆಂದು ಗಣಿತದಿಂದ ತೋರಿಸಿಕೊಟ್ಟರು. ಫ್ರೀಡ್‌ಮನ್ 1925ರಲ್ಲಿಯೇ, ಮೂವತ್ತೇಳನೆಯ ವಯಸ್ಸಿನಲ್ಲಿ, ತೀರಿಕೊಂಡನು. ಲಮೈತ್ರ್ ತನ್ನ ಲೇಖನವನ್ನು ಬ್ರಸೆಲ್ಸ್‌ನ ಒಂದು ಫ್ರೆಂಚ್ ಪತ್ರಿಕೆಯಲ್ಲಿ ಪ್ರಕಟಿಸಿದ್ದರಿಂದ ಅದನ್ನು ಓದಿದವರು ವಿರಳ. ಓದಿದ ಐನ್‌ಸ್ಟೈನರು ಲೆಕ್ಕ ಸರಿಯಾಗಿದ್ದರೂ ಅದರ ಭೌತಾರ್ಥವನ್ನು ತಾವು ಒಪ್ಪಲಾರೆವೆಂದು ಕಟುವಾಗಿ ತಿಳಿಸಿದರು.

ಕಾಗದದ ಮೇಲಿನ ಲೆಕ್ಕಕ್ಕೆ ಆಕಾಶದ ಒಪ್ಪಿಗೆ ಬೇಕಾಗಿತ್ತು. ಆ ಒಪ್ಪಿಗೆ ದೊರೆತ ಬಗೆಯಲ್ಲಿ ಎಲೆಮರೆಯ ಕಾಯಿಯಂಥ ಒಬ್ಬ ಮಹಿಳೆಯ ಪಾಲು ದೊಡ್ಡದು. ಹೆನ್ರಿಯೆಟಾ ಲೆವಿಟ್ ಎಂಬಾಕೆ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಗಾಜಿನ ಫಲಕಗಳ ಮೇಲೆ ಮೂಡಿದ ನಕ್ಷತ್ರಗಳ ಚುಕ್ಕೆಗಳನ್ನು ಅಳೆಯುವ ಕೆಲಸದಲ್ಲಿದ್ದಳು. ಕಿವಿ ಬಹುಮಟ್ಟಿಗೆ ಕೇಳುತ್ತಿರಲಿಲ್ಲ. ಸೀಫಿಡ್ ಎಂಬ ಜಾತಿಯ ತಾರೆಗಳು ನಿಯತವಾಗಿ ಬೆಳಗಿ ಮಂಕಾಗುತ್ತವೆ. ದಕ್ಷಿಣಾಕಾಶದ ಕಿರಿಯ ಮೆಗೆಲನ್ ಮೋಡದಲ್ಲಿರುವ ಇಂಥ 25 ತಾರೆಗಳನ್ನು ಪರಿಶೀಲಿಸಿ, ಮಿಡಿತ ನಿಧಾನವಾದಷ್ಟೂ ತಾರೆಯ ನಿಜವಾದ ಕಾಂತಿ ಹೆಚ್ಚು ಎಂಬ ನಿಯಮವನ್ನು ಆಕೆ 1912ರಲ್ಲಿ ಕಂಡುಕೊಂಡಳು. ಮಿಡಿತವನ್ನು ಎಣಿಸಿದರೆ ನಿಜವಾದ ಕಾಂತಿ ತಿಳಿಯುತ್ತದೆ. ಅದನ್ನು ಕಣ್ಣಿಗೆ ಕಾಣುವ ಕಾಂತಿಯೊಡನೆ ಹೋಲಿಸಿದರೆ ದೂರ ತಿಳಿಯುತ್ತದೆ. ಆಕಾಶಕ್ಕೆ ಅಳತೆಗೋಲು ಸಿಕ್ಕಿದುದು ಹೀಗೆ. ಆ ಕೋಲನ್ನು ಹಿಡಿದು ಎಡ್ವಿನ್ ಹಬಲ್ ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ ಶಿಖರದ ನೂರು ಅಂಗುಲದ ದೂರದರ್ಶಕದಲ್ಲಿ, 1923ರ ಅಕ್ಟೋಬರಿನಲ್ಲಿ, ದೇವಯಾನಿ ನೀಹಾರಿಕೆಯೊಳಗೆ ಒಂದು ಸೀಫಿಡನ್ನು ಗುರುತಿಸಿದನು. ಆ ನೀಹಾರಿಕೆ ನಮ್ಮ ಆಕಾಶಗಂಗೆಯ ಒಳಗಿನದಲ್ಲ, ಅದರಾಚೆಗಿನ ಮತ್ತೊಂದು ತಾರಾಲೋಕ, ಗೆಲಾಕ್ಸಿ, ಎಂಬುದು ಆಗ ನಿರ್ಧಾರವಾಯಿತು. ಇಂದಿನ ಲೆಕ್ಕದಲ್ಲಿ ಅದರ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ಲೆವಿಟ್ ಇದನ್ನು ನೋಡಲು ಬದುಕಿರಲಿಲ್ಲ; 1921ರಲ್ಲಿ ಕ್ಯಾನ್ಸರಿಗೆ ತುತ್ತಾಗಿದ್ದಳು.

ಇದಕ್ಕೂ ಮೊದಲೇ, 1912ರಿಂದ, ಅರಿಜೋನದ ಲೊವೆಲ್ ವೀಕ್ಷಣಾಲಯದ ಸ್ಲೈಫರ್ ಇಂಥ ನೀಹಾರಿಕೆಗಳ ಬೆಳಕನ್ನು ರೋಹಿತವಾಗಿ ಒಡೆದು ನೋಡುತ್ತಿದ್ದನು. ದೇವಯಾನಿ ನಮ್ಮ ಕಡೆಗೆ ಬರುತ್ತಿತ್ತು. ಆದರೆ ಮಿಕ್ಕವುಗಳಲ್ಲಿ ಬಹುಪಾಲು ನಮ್ಮಿಂದ ದೂರ ಓಡುತ್ತಿದ್ದವು. 1929ರಲ್ಲಿ ಹಬಲ್ ದೂರ ಮತ್ತು ವೇಗಗಳೆರಡನ್ನೂ ಜೋಡಿಸಿ, ದೂರ ಹೆಚ್ಚಿದಷ್ಟೂ ವೇಗವೂ ಹೆಚ್ಚು ಎಂದು ತೋರಿಸಿದನು. ಮುಂದೆ ಈ ಕೆಲಸದಲ್ಲಿ ಅವನ ಬಲಗೈಯಾದ ಮಿಲ್ಟನ್ ಹ್ಯೂಮಸನ್ ಮೊದಲು ಅದೇ ಬೆಟ್ಟದ ಮೇಲಕ್ಕೆ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುತ್ತಿದ್ದವನು. ಶಾಲೆಯ ಓದನ್ನೂ ಪೂರೈಸಿರಲಿಲ್ಲ. 1931ರಲ್ಲಿ ಐನ್‌ಸ್ಟೈನರು ಅಚಲ ವಿಶ್ವದ ಪಕ್ಷವನ್ನು ಬಿಟ್ಟುಕೊಟ್ಟರು.

ಇಲ್ಲಿ ಜನಸಾಮಾನ್ಯರ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಿಬಿಡಬೇಕು. ಎಲ್ಲವೂ ನಮ್ಮಿಂದ ದೂರ ಸರಿಯುತ್ತಿದ್ದರೆ ವಿಶ್ವದ ನಡು ನಾವೇ ಆದೆವಲ್ಲವೆ? ಅಲ್ಲ. ಹುಳಿ ಬರಲೆಂದು ಇರಿಸಿದ ಇಡ್ಲಿಯ ಹಿಟ್ಟಿನಲ್ಲಿ ಅಲ್ಲಲ್ಲಿ ಮೆಣಸಿನ ಕಾಳುಗಳಿವೆ ಎಂದುಕೊಳ್ಳಿ. ಹಿಟ್ಟು ಉಬ್ಬಿದಂತೆ ಕಾಳಿನಿಂದ ಕಾಳಿಗೆ ಅಂತರ ಹೆಚ್ಚುತ್ತದೆ. ಯಾವ ಕಾಳಿನ ಮೇಲೆ ಕುಳಿತು ನೋಡಿದರೂ ಉಳಿದ ಕಾಳುಗಳೆಲ್ಲ ತನ್ನಿಂದಲೇ ಓಡಿಹೋಗುತ್ತಿರುವಂತೆಯೂ, ದೂರದ ಕಾಳು ಹೆಚ್ಚು ಬೇಗ ಓಡುತ್ತಿರುವಂತೆಯೂ ಕಾಣುತ್ತದೆ. ಹಾಗಾದರೆ ವಿಶ್ವ ಯಾವುದರೊಳಗೆ ಹಿಗ್ಗುತ್ತಿದೆ? ಹಿಟ್ಟಿನ ಹೋಲಿಕೆ ಇಲ್ಲಿ ಸಾಲದು. ಹಿಟ್ಟಿಗೆ ಪಾತ್ರೆಯಿದೆ, ಪಾತ್ರೆಗೆ ಅಡಿಗೆಮನೆಯಿದೆ. ವಿಶ್ವಕ್ಕೆ ಅಂಥ ಪಾತ್ರೆ ಬೇಕಿಲ್ಲ. ಹಿಗ್ಗುತ್ತಿರುವುದು ಅವಕಾಶವೇ, ಅಳತೆಯೇ. ಅದು ಹೊರಗಿನ ಬರಿಯ ಜಾಗವನ್ನು ಆಕ್ರಮಿಸುತ್ತಿಲ್ಲ. ಆದಕಾರಣ ಆರಂಭದ ಸ್ಥಳ ಯಾವುದು ಎಂದು ಬೊಟ್ಟುಮಾಡಿ ತೋರಿಸಲಾಗದು. ಅದು ಎಲ್ಲೆಲ್ಲಿಯೂ ಆಯಿತು. ಈಗ ನೀವು ಕುಳಿತಿರುವ ಜಾಗವೂ ಅದಕ್ಕೆ ಸೇರಿದೆ.

ಹಿಗ್ಗುವಿಕೆಯನ್ನು ಹಿಮ್ಮುಖವಾಗಿ ಲೆಕ್ಕಹಾಕಿದರೆ ವಿಶ್ವದ ವಯಸ್ಸು ಸಿಗಬೇಕು. ಸಿದ್ಧಾಂತಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಇಲ್ಲಿಯೇ. ಹಬಲನ ಅಂಕಿಗಳ ಪ್ರಕಾರ ಆ ವಯಸ್ಸು ಸುಮಾರು 200 ಕೋಟಿ ವರ್ಷ. ಆದರೆ ಕಲ್ಲುಗಳೊಳಗಿನ ಯುರೇನಿಯಮ್ ಸೀಸವಾಗಿ ಕ್ಷಯಿಸುವ ಲೆಕ್ಕದಿಂದ ಭೂವಿಜ್ಞಾನಿಗಳು ಭೂಮಿಗೇ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ ಎನ್ನುತ್ತಿದ್ದರು. 1940ರ ದಶಕದಲ್ಲಿ ಆರ್ಥರ್ ಹೋಮ್ಸ್ ಅದನ್ನು 300 ಕೋಟಿ ವರ್ಷಗಳಿಗೂ ಮೇಲಕ್ಕೆ ಏರಿಸಿದನು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಸಂಜೆ ಜನ ಹತ್ತಿ ಕುಳಿತುಕೊಳ್ಳುವ ಹಾಸುಬಂಡೆಯ ವಯಸ್ಸೇ ಸುಮಾರು 300 ಕೋಟಿ ವರ್ಷ. ತಾಯಿಗಿಂತ ಮಗಳು ಹಿರಿಯಳಾಗುವುದೆಂತು? ಎಲ್ಲಿಯೋ ತಪ್ಪಿತ್ತು. ಯಾರ ಲೆಕ್ಕದಲ್ಲಿ?

ಈ ಸಂಕಟದ ನಡುವೆ 1948ರಲ್ಲಿ ಕೇಂಬ್ರಿಜಿನ ಮೂವರು ತರುಣರು, ಹರ್ಮನ್ ಬಾಂಡಿ, ಥಾಮಸ್ ಗೋಲ್ಡ್ ಮತ್ತು ಫ್ರೆಡ್ ಹಾಯ್ಲ್, ಬೇರೆಯೇ ದಾರಿಯನ್ನು ಹಿಡಿದರು. ವಿಶ್ವ ಹಿಗ್ಗುತ್ತಿರುವುದು ನಿಜ. ಆದರೆ ಅದಕ್ಕೆ ಆದಿಯಿಲ್ಲ. ಗೆಲಾಕ್ಸಿಗಳು ದೂರ ಸರಿದು ತೆರವಾದ ಎಡೆಯಲ್ಲಿ ಹೊಸ ದ್ರವ್ಯ ಬಹು ಅಲ್ಪ ಪ್ರಮಾಣದಲ್ಲಿ ಹುಟ್ಟುತ್ತಲೇ ಇರುತ್ತದೆ. ಹಳೆಯ ನೀರು ಹರಿದುಹೋದರೂ ಹೊಳೆ ಹೊಳೆಯಾಗಿಯೇ ಇರುವಂತೆ ವಿಶ್ವ ಎಂದೂ ಒಂದೇ ರೀತಿಯಾಗಿರುತ್ತದೆ. ಇದೇ ಸ್ಥಿರಸ್ಥಿತಿ ಸಿದ್ಧಾಂತ. ಆದಿಯೇ ಇಲ್ಲದ ವಿಶ್ವದಲ್ಲಿ ಭೂಮಿ ಎಷ್ಟು ಹಳೆಯದಾದರೂ ಅಡ್ಡಿಯಿಲ್ಲ. ಅನಾದಿ ಲೋಕವನ್ನು ಪ್ರತಿಪಾದಿಸಿದ ಜಿನಸೇನರು ಕೇಂಬ್ರಿಜಿನಲ್ಲಿ ಮೂವರು ಮಿತ್ರರನ್ನು ಪಡೆದಂತಾಯಿತು.

ಮುಂದಿನ ಘಟನೆ ಬಾನುಲಿಗೆ ಸಂಬಂಧಿಸಿದ್ದು. 1949ರ ಮಾರ್ಚ್ 28ರಂದು ಹಾಯ್ಲ್ ಬಿ.ಬಿ.ಸಿ. ಬಾನುಲಿಯಲ್ಲಿ ಒಂದು ಭಾಷಣ ಮಾಡಿದನು. ಅದು ಅನಂತರ ಆ ಸಂಸ್ಥೆಯ ವಾರಪತ್ರಿಕೆಯಲ್ಲಿ ಅಚ್ಚಾಯಿತು. ವಿಶ್ವವೆಲ್ಲ ದೂರದ ಒಂದು ಗಳಿಗೆಯಲ್ಲಿ ಒಮ್ಮೆಗೇ ಆರಂಭವಾಯಿತೆಂಬ ಎದುರು ಪಕ್ಷವನ್ನು ವರ್ಣಿಸಲು ಅವನು ಬಳಸಿದ ಹೆಸರು ‘ಬಿಗ್ ಬ್ಯಾಂಗ್’. ಅದು ಹೀಯಾಳಿಸಲು ಆಡಿದ ಮಾತೆಂದು ಹಲವರು ಬರೆದಿದ್ದಾರೆ. ಕಣ್ಣಿಗೆ ಚಿತ್ರ ತೋರಿಸಲಾಗದ ಬಾನುಲಿಯಲ್ಲಿ ಕೇಳುಗರ ಮನಸ್ಸಿಗೆ ನಾಟುವ ಮಾತೊಂದು ಬೇಕಾಗಿತ್ತು, ಅಷ್ಟೇ ಎಂದು ಹಾಯ್ಲ್ ಹೇಳಿಕೊಂಡನು. ಹೇಗಾದರಾಗಲಿ, ವಿರೋಧಿಯಿಟ್ಟ ಹೆಸರೇ ಸಿದ್ಧಾಂತಕ್ಕೆ ಶಾಶ್ವತವಾಗಿ ಅಂಟಿಕೊಂಡಿತು. ಕನ್ನಡದಲ್ಲಿ ನಾವು ಅದನ್ನು ‘ಮಹಾಸ್ಫೋಟ’ ಎಂದು ಕರೆದು ಭ್ರಾಂತಿಯನ್ನು ಇನ್ನಷ್ಟು ಹೆಚ್ಚಿಸಿದ್ದೇವೆ. ಸ್ಫೋಟವೆಂದೊಡನೆ ಮದ್ದು, ಕತ್ತಲ ಬಯಲು, ಅದರ ನಡುವೆ ಸಿಡಿತ, ಇವೆಲ್ಲ ಕಣ್ಣಿಗೆ ಕಟ್ಟುತ್ತವೆ. ನಡೆದದ್ದು ಅಂಥ ಸಿಡಿತವಲ್ಲ; ಎಲ್ಲೆಡೆಯೂ ಅತಿಸಾಂದ್ರವಾಗಿ, ಅತಿ ಬಿಸಿಯಾಗಿ ಇದ್ದುದು ಹಿಗ್ಗುತ್ತಾ ತಣಿದದ್ದು. ಪಾರಿಭಾಷಿಕ ಪದವನ್ನು ಕಟ್ಟುವವರು ಎಷ್ಟು ಎಚ್ಚರವಾಗಿರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ವಯಸ್ಸಿನ ತೊಡಕು ಬಿಡಿಸಿಕೊಂಡದ್ದು ನಿಧಾನವಾಗಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಾಸ್ ಏಂಜಲೀಸ್ ನಗರದ ದೀಪಗಳನ್ನು ಆರಿಸಿದ್ದರಿಂದ ಮೌಂಟ್ ವಿಲ್ಸನ್ನಿನ ಆಕಾಶ ಎಂದಿಗಿಂತ ಕಪ್ಪಾಗಿತ್ತು. ಜರ್ಮನ್ ಪ್ರಜೆಯಾದ್ದರಿಂದ ಯುದ್ಧದ ಕೆಲಸಕ್ಕೆ ಸೇರಲಾಗದೆ ಅಲ್ಲಿಯೇ ಉಳಿದ ವಾಲ್ಟರ್ ಬಾಡೆ ಆ ಕತ್ತಲೆಯನ್ನು ಬಳಸಿಕೊಂಡು ದೇವಯಾನಿಯ ತಾರೆಗಳನ್ನು ಬಿಡಿಬಿಡಿಯಾಗಿ ನೋಡಿದನು. ಆ ಅಧ್ಯಯನ ಮುಂದುವರಿದಂತೆ ಸೀಫಿಡ್‌ಗಳಲ್ಲಿಯೇ ಎರಡು ಬಗೆಗಳಿವೆ ಎಂಬುದು ತಿಳಿಯಿತು. ಅಳತೆಗೋಲೇ ತಪ್ಪಾಗಿತ್ತು! 1952ರಲ್ಲಿ ರೋಮಿನ ಸಮ್ಮೇಳನದಲ್ಲಿ ಬಾಡೆ ಇದನ್ನು ತಿಳಿಸಿದಾಗ ವಿಶ್ವದ ದೂರಗಳೂ ವಯಸ್ಸೂ ಒಮ್ಮೆಗೇ ಸುಮಾರು ಎರಡರಷ್ಟಾದವು. 1956ರಲ್ಲಿ ಕ್ಲೇರ್ ಪ್ಯಾಟರ್‌ಸನ್ ಉಲ್ಕಾಶಿಲೆಗಳ ಸೀಸವನ್ನು ಅಳೆದು ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷವೆಂದು ನಿರ್ಧರಿಸಿದನು. 1958ರಲ್ಲಿ ಅಲನ್ ಸ್ಯಾಂಡೇಜ್ ಮತ್ತಷ್ಟು ತಪ್ಪುಗಳನ್ನು ತಿದ್ದಿ ವಿಶ್ವದ ವಯಸ್ಸನ್ನು ಸಾವಿರ ಕೋಟಿ ವರ್ಷಗಳ ಮಟ್ಟಕ್ಕೆ ತಂದನು. ತಾಯಿ ಮತ್ತೆ ಮಗಳಿಗಿಂತ ಹಿರಿಯಳಾದಳು.

ಈ ನಡುವೆ ನಡೆದ ಇನ್ನೊಂದು ಪ್ರಸಂಗವನ್ನು ನಾವು, ಭಾರತೀಯರು, ವಿಶೇಷವಾಗಿ ಮನನ ಮಾಡಬೇಕು. 1951ರ ನವೆಂಬರಿನಲ್ಲಿ ಪೋಪ್ ಹನ್ನೆರಡನೆಯ ಪಯಸ್ ಒಂದು ಭಾಷಣದಲ್ಲಿ, ವಿಶ್ವಕ್ಕೆ ಆದಿಯುಂಟೆಂಬ ಹೊಸ ವಿಜ್ಞಾನ ಬೈಬಲ್ಲಿನ ಸೃಷ್ಟಿಗೆ ಸಮರ್ಥನೆ ನೀಡುತ್ತದೆ ಎಂಬ ಅರ್ಥ ಬರುವಂತೆ ಮಾತನಾಡಿದರು. ಇದರಿಂದ ಸಂತೋಷಪಡಬೇಕಾದವನು ಲಮೈತ್ರ್. ಅವನು ಪಾದ್ರಿ, ಸಿದ್ಧಾಂತವೂ ಅವನದೇ. ಆದರೆ ಅವನು ಕಳವಳಪಟ್ಟನು. ಭೌತಶಾಸ್ತ್ರದ ಊಹೆಯನ್ನು ಶ್ರದ್ಧೆಗೆ ಆಧಾರವಾಗಿ ಕೊಟ್ಟರೆ, ನಾಳೆ ಊಹೆ ಬಿದ್ದಾಗ ಶ್ರದ್ಧೆಯ ಗತಿಯೇನು? ಶ್ರದ್ಧೆಯ ಬೆಂಬಲ ಪಡೆದ ಊಹೆಯನ್ನು ನಿರ್ದಾಕ್ಷಿಣ್ಯವಾಗಿ ಪರೀಕ್ಷಿಸುವವರು ಯಾರು? ಎರಡನ್ನೂ ಬೇರೆಬೇರೆಯಾಗಿ ಇರಿಸಬೇಕೆಂಬುದು ಅವನ ನಿಲುವು. ಮುಂದೆ ಪೋಪರು ಆ ಮಾತನ್ನು ಮತ್ತೆ ಎತ್ತದಂತೆ ಅವನು ಪ್ರಯತ್ನಿಸಿದನು; ಅವರೂ ಎತ್ತಲಿಲ್ಲ. ನಮ್ಮಲ್ಲಿ ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷವೆಂದು ಪುರಾಣಗಳು ಎಣಿಸುತ್ತವೆ. ಭೂಮಿಯ ವಯಸ್ಸು ಅದರ ಹತ್ತಿರಕ್ಕೆ ಬರುತ್ತದೆಯೆಂದು ಸಭೆಗಳಲ್ಲಿ ಹೇಳಿ ಚಪ್ಪಾಳೆ ಪಡೆಯುವವರುಂಟು. ಅಷ್ಟು ದೀರ್ಘವಾದ ಕಾಲವನ್ನು ಎದೆಗುಂದದೆ ಕಲ್ಪಿಸಿದ ಮನಸ್ಸು ದೊಡ್ಡದು, ಸಂಶಯವಿಲ್ಲ. ಆರ್ಚ್‌ಬಿಷಪ್ ಅಷರ್ 1650ರಲ್ಲಿ ಸೃಷ್ಟಿಯನ್ನು ಕ್ರಿಸ್ತಪೂರ್ವ 4004ಕ್ಕೆ ಕಟ್ಟಿಹಾಕಿದ್ದನ್ನು ನೆನೆದರೆ ನಮ್ಮವರ ಧೈರ್ಯ ಮತ್ತಷ್ಟು ಎದ್ದುಕಾಣುತ್ತದೆ. ಆದರೆ ಆ ಅಂಕಿ ಯುಗಗಳ ಎಣಿಕೆಯಿಂದ ಬಂದದ್ದು. ಈ ಅಂಕಿ ಸೀಸದ ತೂಕದಿಂದ ಬಂದದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಪುರಾಣಕ್ಕೂ ಗೌರವವಲ್ಲ, ವಿಜ್ಞಾನಕ್ಕೂ ಗೌರವವಲ್ಲ. ತಿಳಿದವರಾರು ಎಂದು ಕೇಳುವ ಎದೆಗಾರಿಕೆಯಲ್ಲಿ ನಾಸದೀಯ ಸೂಕ್ತದ ಹಿರಿಮೆಯಿದೆ. ಅದನ್ನು ಉತ್ತರವನ್ನಾಗಿ ಮಾಡಿದರೆ ಆ ಹಿರಿಮೆ ಕಳೆದುಹೋಗುತ್ತದೆ.

ಇಬ್ಬರ ವಾದವನ್ನು ತೀರಿಸಿದ್ದು ಬಾನುಲಿಯ ಅಲೆಗಳೇ. ವಿಶ್ವ ಎಂದೂ ಒಂದೇ ರೀತಿ ಇದ್ದರೆ ಬಹುದೂರದಲ್ಲಿ, ಅಂದರೆ ಬಹುಹಿಂದಿನ ಕಾಲದಲ್ಲಿ, ಕಾಣುವುದೂ ಇಂದಿನಂತೆಯೇ ಇರಬೇಕು. 1950ರ ದಶಕದಿಂದ ಕೇಂಬ್ರಿಜಿನಲ್ಲಿಯೇ ಮಾರ್ಟಿನ್ ರೈಲ್ ಆಕಾಶದಿಂದ ಬರುವ ರೇಡಿಯೋ ಅಲೆಗಳ ಮೂಲಗಳನ್ನು ಎಣಿಸಿ, ಹಿಂದಿನ ಕಾಲದಲ್ಲಿ ಅವು ಹೆಚ್ಚು ದಟ್ಟವಾಗಿದ್ದವೆಂದು ವಾದಿಸಿದನು. ಕೊನೆಯ ಪೆಟ್ಟು ಬಿದ್ದದ್ದು ಅಮೆರಿಕದ ನ್ಯೂ ಜರ್ಸಿಯಲ್ಲಿ. 1964ರಲ್ಲಿ ಬೆಲ್ ಪ್ರಯೋಗಾಲಯದ ಪೆಂಜಿಯಾಸ್ ಮತ್ತು ವಿಲ್ಸನ್, ಉಪಗ್ರಹ ಸಂಪರ್ಕಕ್ಕಾಗಿ ಕಟ್ಟಿದ್ದ ಕೊಂಬಿನಾಕಾರದ ಆಂಟೆನಾವನ್ನು ಆಕಾಶಕ್ಕೆ ತಿರುಗಿಸಿದಾಗ ತೆಳುವಾದ ಒಂದು ಮೊರೆತ ಕೇಳಿಸಿತು. ಎತ್ತ ತಿರುಗಿಸಿದರೂ, ಹಗಲಿರುಳು, ಋತು ಯಾವುದಾದರೂ, ಅದು ಹೋಗಲಿಲ್ಲ. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿದರು, ಹಿಕ್ಕೆಯನ್ನು ಉಜ್ಜಿ ತೊಳೆದರು, ಮೊರೆತ ಉಳಿಯಿತು. ಅಲ್ಲಿಗೆ ಸಮೀಪದ ಪ್ರಿನ್ಸ್‌ಟನ್ನಿನಲ್ಲಿ ರಾಬರ್ಟ್ ಡಿಕ್ ಮತ್ತು ಸಂಗಡಿಗರು ಇಂಥದನ್ನೇ ಹುಡುಕಲು ಸಿದ್ಧರಾಗುತ್ತಿದ್ದರು: ಆದಿಯಲ್ಲಿ ವಿಶ್ವ ಕುದಿಯುತ್ತಿದ್ದರೆ ಆ ಕಾವಿನ ಶೇಷ ಇಂದಿಗೂ ಎಲ್ಲೆಡೆ ತುಂಬಿರಬೇಕು. ಗ್ಯಾಮೊವ್‌ನ ಶಿಷ್ಯ ಆಲ್ಫರ್ ಮತ್ತು ಅವನ ಸಂಗಾತಿ ಹರ್ಮನ್ ಇದನ್ನು 1948ರಲ್ಲಿಯೇ ಮುಂಗಂಡಿದ್ದರೂ ಆ ಮಾತನ್ನು ಲೋಕ ಮರೆತಿತ್ತು. ಪರಮಶೂನ್ಯಕ್ಕಿಂತ ಮೂರು ಡಿಗ್ರಿಯಷ್ಟು ಮೇಲಿರುವ ಈ ತಣ್ಣನೆಯ ಬೆಳಕು, ವಿಶ್ವಕ್ಕೆ ಸುಮಾರು 3,80,000 ವರ್ಷ ವಯಸ್ಸಾಗಿದ್ದಾಗ ಹೊರಟದ್ದು. ಹಳೆಯ ಟೆಲಿವಿಷನ್ ಪೆಟ್ಟಿಗೆಯಲ್ಲಿ ನಿಲಯವಿಲ್ಲದಾಗ ಕಾಣುತ್ತಿದ್ದ ಚುಕ್ಕೆಗಳ ಮಳೆಯಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಇದರದೇ. 1965ರಲ್ಲಿ ಸುದ್ದಿ ಪ್ರಕಟವಾಯಿತು. ಲಮೈತ್ರ್ ಕಾಯಿಲೆಯಲ್ಲಿ ಮಲಗಿದ್ದನು. 1966ರ ಜೂನಿನಲ್ಲಿ ಕಣ್ಮುಚ್ಚುವ ಸ್ವಲ್ಪ ಮುಂಚೆ ಮಿತ್ರನೊಬ್ಬನಿಂದ ಈ ವಾರ್ತೆ ಅವನನ್ನು ಮುಟ್ಟಿತು.

ಸೋತ ಪಕ್ಷವನ್ನು ಮರೆಯುವುದು ನ್ಯಾಯವಲ್ಲ. ಎಲ್ಲ ಧಾತುಗಳೂ ಆದಿಯ ಕುಲುಮೆಯಲ್ಲಿಯೇ ಬೆಂದವೆಂದು ಗ್ಯಾಮೊವ್ ಭಾವಿಸಿದ್ದನು. ಹಾಯ್ಲ್ ಅದನ್ನು ಒಪ್ಪದೆ, ಬರ್ಬಿಜ್ ದಂಪತಿಗಳು ಮತ್ತು ಫೌಲರ್ ಅವರೊಡನೆ 1957ರಲ್ಲಿ, ಇಂಗಾಲ, ಆಮ್ಲಜನಕ, ಕಬ್ಬಿಣಗಳಂಥ ಧಾತುಗಳು ನಕ್ಷತ್ರಗಳ ಗರ್ಭದಲ್ಲಿ ಹುಟ್ಟುತ್ತವೆಂದು ಸಾಧಿಸಿದನು. ಜಲಜನಕ ಮತ್ತು ಹೀಲಿಯಮ್ ಬಹುಮಟ್ಟಿಗೆ ಆದಿಯವು. ನಮ್ಮ ನೆತ್ತರಿನ ಕಬ್ಬಿಣ ನಕ್ಷತ್ರಗಳದು. ಇಬ್ಬರೂ ಅರ್ಧರ್ಧ ಗೆದ್ದರು. ಹಾಯ್ಲನ ಶಿಷ್ಯರಾಗಿದ್ದ ನಮ್ಮ ಜಯಂತ ನಾರ್ಳೀಕರ್ ಗುರುವಿನೊಡನೆ ಆದಿಯಿಲ್ಲದ ವಿಶ್ವದ ಪಕ್ಷವನ್ನು ಬಹುಕಾಲ ಎತ್ತಿಹಿಡಿದರು. 1993ರಲ್ಲಿ ಅದಕ್ಕೆ ತಿದ್ದಿದ ರೂಪವನ್ನೂ ಕೊಟ್ಟರು. ವಿದ್ವತ್ಸಮೂಹ ಒಪ್ಪಲಿಲ್ಲ. ಆದರೆ ಅವರು 1988ರಲ್ಲಿ ಪುಣೆಯಲ್ಲಿ ಕಟ್ಟಿದ ಖಗೋಲ ಸಂಸ್ಥೆಯಲ್ಲಿ ಮಹಾಸ್ಫೋಟವನ್ನು ಒಪ್ಪುವವರಿಗೂ ಸಮಾನವಾದ ಆಸನವಿತ್ತು. 2025ರ ಮೇ ತಿಂಗಳಿನಲ್ಲಿ ಅವರು ತೀರಿಕೊಂಡಾಗ ವಾದದಲ್ಲಿ ಅವರಿಗೆ ಎದುರಾದವರೂ ಗೌರವದಿಂದ ಸ್ಮರಿಸಿದರು. ಒಂಟಿಯಾಗಿಯಾದರೂ ಪ್ರಶ್ನೆ ಕೇಳುವವನೊಬ್ಬನಿದ್ದರೆ ಒಪ್ಪಿತವಾದ ಉತ್ತರ ಸೋಮಾರಿಯಾಗುವುದಿಲ್ಲ.

ಈಗ ಒಪ್ಪಿತವಾದ ಲೆಕ್ಕದಲ್ಲಿ ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ. ಅದಕ್ಕೂ ಮೊದಲು ಏನಿತ್ತು? ಉತ್ತರಧ್ರುವದಿಂದ ಇನ್ನೂ ಉತ್ತರಕ್ಕೆ ಏನಿದೆ ಎಂದು ಕೇಳಿದಂತೆ ಎಂದು ಸ್ಟೀಫನ್ ಹಾಕಿಂಗ್ ಹೇಳುತ್ತಿದ್ದರು. ಅಗಸ್ಟೀನನ ಮಾತಿಗೂ ಇದಕ್ಕೂ ಹೆಚ್ಚು ದೂರವಿಲ್ಲ. ಆದರೆ ಇದು ಒಂದು ಅಭಿಪ್ರಾಯ, ಸಿದ್ಧವಾದ ಮಾತಲ್ಲ. ಮೊದಲ ಕ್ಷಣದ ಅತಿ ಸಣ್ಣ ಪಾಲಿನಾಚೆಗೆ ಇಂದಿನ ಭೌತಶಾಸ್ತ್ರ ಕಾಲಿಡಲಾರದು. ಹಿಂದಕ್ಕೆ ಸಾಗಿದಂತೆ ದಾರಿ ಕಾಣದಾಗುತ್ತದೆ ಎಂಬುದಷ್ಟೇ ಪ್ರಾಮಾಣಿಕವಾದ ಉತ್ತರ. ತಿಳಿಯದ್ದು ಇನ್ನೂ ಉಂಟು. 1998ರಲ್ಲಿ ದೂರದ ಸಿಡಿತಾರೆಗಳನ್ನು ನೋಡಿದ ಎರಡು ತಂಡಗಳು ಹಿಗ್ಗುವಿಕೆ ನಿಧಾನವಾಗುವ ಬದಲು ರಭಸಗೊಳ್ಳುತ್ತಿದೆಯೆಂದು ಕಂಡುಕೊಂಡವು. ನಾವು ಬಲ್ಲ ದ್ರವ್ಯ, ಅಂದರೆ ನೆಲ, ನೀರು, ನಕ್ಷತ್ರ ಎಲ್ಲವೂ ಸೇರಿ, ವಿಶ್ವದಲ್ಲಿ ನೂರಕ್ಕೆ ಐದು ಪಾಲು. ಸುಮಾರು 27 ಪಾಲು ಕಾಣದ ದ್ರವ್ಯ, 68 ಪಾಲು ಅರಿಯದ ಚೈತನ್ಯ. ಹೆಸರಿಟ್ಟಿದ್ದೇವೆ, ಅವು ಏನೆಂದು ಬಲ್ಲವರಿಲ್ಲ. ಹಿಗ್ಗುವ ವೇಗವನ್ನು ಎರಡು ದಾರಿಗಳಲ್ಲಿ ಅಳೆದರೆ ಒಂದರಲ್ಲಿ 67, ಇನ್ನೊಂದರಲ್ಲಿ 73 ಎಂದು ಬರುತ್ತದೆ. ಅಳತೆಗೋಲು ತಪ್ಪೋ ಸಿದ್ಧಾಂತ ತಪ್ಪೋ ಎಂಬ ಹಳೆಯ ಸಂಕಟ ಹೊಸ ವೇಷದಲ್ಲಿ ಬಂದಿದೆ.

ಕನ್ನಡನಾಡಿನ ನೀರಿಗೂ ಈ ಚರಿತ್ರೆಯಲ್ಲಿ ಒಂದು ಪುಟ ಸಂದಿದೆ. 2018ರಲ್ಲಿ ಅಮೆರಿಕದ ತಂಡವೊಂದು ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯಲ್ಲಿ ಇರಿಸಿದ್ದ ಆಂಟೆನಾದಿಂದ, ಮೊತ್ತಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಗುರುತು ದೊರೆಯಿತೆಂದು ಸಾರಿತು. ಎಫ್.ಎಂ. ಬಾನುಲಿಯ ಪಟ್ಟಿಗೆ ತೀರ ಸಮೀಪದ ಅಲೆಗಳಲ್ಲಿ, 78 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ, ಒಂದು ತಗ್ಗು ಕಂಡಿತ್ತು. ಅದು ನಿಜವಾದರೆ ಭೌತಶಾಸ್ತ್ರವನ್ನೇ ತಿದ್ದಬೇಕಾಗಿತ್ತು. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯವರು ‘ಸರಸ್’ ಎಂಬ ತಮ್ಮ ಉಪಕರಣದಿಂದ ಅದನ್ನು ಪರೀಕ್ಷಿಸಲು ಹೊರಟರು. ಆಂಟೆನಾದ ಅಡಿಯಲ್ಲಿರುವ ಕಲ್ಲುಮಣ್ಣಿನ ಪದರಗಳೇ ಅಳತೆಯನ್ನು ಕೆಡಿಸಬಲ್ಲವು. ನೀರಾದರೆ ಎಲ್ಲೆಡೆಯೂ ಒಂದೇ ರೀತಿ. ಆದಕಾರಣ 2020ರ ಆರಂಭದಲ್ಲಿ ಅದನ್ನು ತೆಪ್ಪದ ಮೇಲೆ ಇರಿಸಿ ದಂಡಿಗಾನಹಳ್ಳಿ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಿಬಿಟ್ಟರು. ಅಲ್ಲಿ ಆ ಗುರುತು ಕಾಣಲಿಲ್ಲ. 2022ರಲ್ಲಿ ಪ್ರಕಟವಾದ ಅವರ ಫಲಿತಾಂಶ, ಮೊದಲು ಕಂಡದ್ದು ಆಕಾಶದ ಸಂಕೇತವಾಗಿರಲಾರದು ಎಂಬ ಕಡೆಗೆ ಬಲವಾಗಿ ವಾಲಿತು. ಮೊದಲ ನಕ್ಷತ್ರಗಳ ದನಿಗಾಗಿ ಹುಡುಕಾಟ ಮುಂದುವರಿದಿದೆ.

ಏನೂ ಕಾಣಲಿಲ್ಲವೆಂಬುದು ಒಂದು ಸಾಧನೆಯೇ ಎಂದು ಕೆಲವರು ಕೇಳಬಹುದು. ನನ್ನ ದೃಷ್ಟಿಯಲ್ಲಿ ಅದು ದೊಡ್ಡ ಸಾಧನೆ. ಲೋಕವೆಲ್ಲ ಒಂದು ಉತ್ತರಕ್ಕೆ ತಲೆದೂಗುವಾಗ, ನಾವೇ ನೋಡಿ ಹೇಳುತ್ತೇವೆ ಎಂದು ತೆಪ್ಪ ಹೂಡಿ ಹೊರಡುವ ಮನೋಧರ್ಮವೇ ಜಿನಸೇನರದು, ಲಮೈತ್ರನದು, ಹಾಯ್ಲನದು. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ತೆರೆದಾಗ ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದಿತು. ಪುರಾಣಗಳಲ್ಲಿ ಆಕಾಶವಾಣಿ ಎಂದರೆ ಮರುಪ್ರಶ್ನೆಗೆ ಅವಕಾಶವಿಲ್ಲದ ಅಪ್ಪಣೆ. ಈಗ ಆಕಾಶದಿಂದ ಬರುವ ವಾಣಿಯನ್ನು ಅಳೆದು, ಸಂಶಯಪಟ್ಟು, ಮತ್ತೊಮ್ಮೆ ಕೇಳಿ ಒಪ್ಪುವ ಕಾಲ. ನಿಮ್ಮ ಮನೆಯ ಮಗು ಇಂದು ರಾತ್ರಿ, ಎಲ್ಲಕ್ಕೂ ಮೊದಲು ಏನಿತ್ತು ಎಂದು ಕೇಳಿದರೆ ತಿಳಿದಷ್ಟನ್ನು ಹೇಳಿ. ಉಳಿದದ್ದು ಯಾರಿಗೂ ತಿಳಿಯದೆಂಬುದನ್ನೂ ಹೇಳಿ. ಆ ಎರಡನೆಯ ಮಾತನ್ನು ಮುಚ್ಚಿಡಬೇಡಿ. ಮುಂದಿನ ತೆಪ್ಪವನ್ನು ಹೂಡಬೇಕಾದವರು ಆ ಮಕ್ಕಳೇ.

(ಬಾನುಲಿ ಭಾಷಣ)